ಕಾಂಪೌಂಡರ್ ಹೇಳಿಸುತ್ತಿದ್ದ ಮಾತು

"ಇವ್ನು ಡಿಗ್ರಿ ಮಾಡಿದ್ರೆ ನನ್ ಮೀಸೆ ಬೋಳಿಸ್ಕೊಂತೀನಿ" ಎಂದವರು ನಮ್ಮ ದೊಡ್ಡಪ್ಪ. ಅಮೃತಹಳ್ಳಿಯ ನಮ್ಮ ಮನೆತನದಲ್ಲಿ ನನಗಿಂತ ಮೊದಲು ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ. ನಾನು ಜೈಲಿಗೆ ಹೋದ ಮೇಲಂತೂ ಆ ಮೀಸೆಗೆ ಯಾವ ಅಪಾಯವೂ ಉಳಿಯಲಿಲ್ಲ.

ಮೊನ್ನೆ ಡಿಗ್ರಿ ಸರ್ಟಿಫಿಕೇಟ್ ತರಲು ಹೊರಟಿದ್ದೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಜ್ಜಿಯೊಬ್ಬರು ಮಂಡಿಗೆ ನೋವಿನ ಮುಲಾಮು ತಿಕ್ಕಿಕೊಂಡರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಜೈಲಿನಲ್ಲಿ ಜೊತೆಗಿದ್ದ ಕಾಂಪೌಂಡರ್ ನೆನಪಾದರು...

ನನ್ನದು ನೋವಿನ ಮಾತ್ರೆಯ ಚಟ. ಬೈಕಿನಿಂದ ಬಿದ್ದು ಕಾಲು ಮುರಿದಾಗ ಶುರುವಾದದ್ದು, ಕಾಲು ಕೂಡಿದ ಮೇಲೂ ಬಿಡಲಿಲ್ಲ. ಗೆಳೆಯರಿಗೂ ತಂದುಕೊಡಲು ಹೋಗಿ ಸಿಕ್ಕಿಬಿದ್ದೆ. ನನ್ನನ್ನು ಹಾಕಿದ ಬ್ಯಾರಕ್ಕಿನಲ್ಲಿ ಅರ್ಧಕ್ಕರ್ಧ ಜನ ಮಾತ್ರೆಯವರು, ಸೂಜಿಯವರು. ಮೊದಲ ವಾರ ಮೂಗು ಸುರಿಯುತ್ತಿತ್ತು, ಆಕಳಿಕೆ ನಿಲ್ಲುತ್ತಿರಲಿಲ್ಲ, ಕಾಲುಗಳು ತಾವಾಗಿಯೇ ಒದೆಯುತ್ತಿದ್ದವು. ಆ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಮುಲಾಮು ತಿಕ್ಕಿದವರು ಕಾಂಪೌಂಡರ್. ಆರ್.ಟಿ. ನಗರದ ಕ್ಲಿನಿಕ್ಕೊಂದರಲ್ಲಿ ರೋಗಿಗಳಿಗೆ ಚುಚ್ಚುತ್ತ ಚುಚ್ಚುತ್ತ ತಮಗೂ ಚುಚ್ಚಿಕೊಂಡು ಒಳಗೆ ಬಂದವರು.

"ಇದು ಸಾಯಿಸಲ್ಲ ಮಗಾ. ನಮ್ಮೋರು ಸಾಯೋದು ಬಿಡುಗಡೆ ಆದ್ಮೇಲೆ" ಎಂದಿದ್ದರು.

ಬಿಡುಗಡೆಯಾದವನು ತಟ್ಟೆ, ಲೋಟ, ಕಂಬಳಿ ಹಂಚಿ, ತಿರುಗಿ ನೋಡದೆ ಹೋಗಬೇಕೆಂಬುದು ಬ್ಯಾರಕ್ಕಿನ ವಾಡಿಕೆ. ಕಾಂಪೌಂಡರ್ ಅದಕ್ಕೆ ಇನ್ನೊಂದು ಸೇರಿಸಿದ್ದರು. ಹೊರಡುವವನನ್ನು ಎದುರು ಕೂರಿಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿಸುತ್ತಿದ್ದರು: "ನನ್ ಮೈ ಈಗ ಹಳೇದಲ್ಲ. ಹಳೇ ಡೋಸ್ ತಗೊಂಡ್ರೆ ಸಾಯ್ತೀನಿ." ತಿಂಗಳುಗಟ್ಟಲೆ ಬಿಟ್ಟಿದ್ದ ಮೈಗೆ ಮೊದಲಿನಷ್ಟೇ ಹಾಕಿದರೆ ಉಸಿರೇ ನಿಂತುಹೋಗುತ್ತದೆ, ಅದು ಹೊರಗೆ ಬಂದ ಖುಷಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

"ಏನ್ ಕಾಂಪೌಂಡ್ರೇ, ಮಂತ್ರಿ ಪ್ರಮಾಣವಚನಾನಾ?" ಎಂದು ಮೂಲೆಯಿಂದ ಯಾರಾದರೂ ಕಿಚಾಯಿಸುತ್ತಿದ್ದರು.

"ಮಂತ್ರಿ ಮರೆತ್ರೆ ನಡೀತದೆ ಗುರು, ಇವ್ನು ಮರೆತ್ರೆ ನಡೆಯಲ್ಲ."

ನಾನು ಅರ್ಧಕ್ಕೆ ಬಿಟ್ಟಿದ್ದ ಬಿ.ಎ.ಗೆ ಅಂಚೆ ಶಿಕ್ಷಣದ ಅರ್ಜಿ ತುಂಬಿಸಿದವರೂ ಅವರೇ. ಓದಿದ್ದನ್ನು ದಿನಾ ಸಂಜೆ ಒಪ್ಪಿಸಬೇಕಿತ್ತು. ಇತಿಹಾಸ ಕೇಳುತ್ತ ಅವರು ತೂಕಡಿಸುತ್ತಿದ್ದರು. ನಿಲ್ಲಿಸಿದರೆ ಮಾತ್ರ ಎಚ್ಚರವಾಗುತ್ತಿತ್ತು!

ಜಾಮೀನು ಸಿಕ್ಕ ಬೆಳಿಗ್ಗೆ ನನ್ನಿಂದಲೂ ಆ ಮಾತು ಹೇಳಿಸಿದರು. ಗೇಟಿನ ಹೊರಗೆ ಹಳೆಯ ಗೆಳೆಯನೊಬ್ಬ ಬೈಕಿನೊಂದಿಗೆ ಕಾಯುತ್ತಿದ್ದ. ಹೆಬ್ಬಾಳ ಕೆರೆಯ ಹತ್ತಿರ ನಿಲ್ಲಿಸಿ, ನಾನು ಹಿಂದೆ ನುಂಗುತ್ತಿದ್ದಷ್ಟೇ ಮಾತ್ರೆಗಳನ್ನು ಅಂಗೈಗೆ ಸುರಿದ.

"ಒಂದೇ ಸಲ ಕಣೋ ಮಚ್ಚಾ. ವೆಲ್‌ಕಮ್ ಪಾರ್ಟಿ."

ಬಾಯಲ್ಲಿ ನೀರೂರಿತು, ಸುಳ್ಳು ಹೇಳುವುದಿಲ್ಲ. ಆದರೆ ಬೆಳಿಗ್ಗೆ ಹೇಳಿದ ಮಾತು ಇನ್ನೂ ನಾಲಿಗೆಯ ಮೇಲೇ ಇತ್ತು. ಜೋರಾಗಿಯೇ ಅಂದುಬಿಟ್ಟೆ. ಅವನು ನಕ್ಕ. ಮಾತ್ರೆಗಳನ್ನು ಮಣ್ಣಿಗೆ ಚೆಲ್ಲಿ ಚಪ್ಪಲಿಯಲ್ಲಿ ತಿಕ್ಕಿ, ಮನೆಯವರೆಗೂ ನಡೆದೇ ಹೋದೆ. ಅವತ್ತು ಅಮ್ಮನ ಕೈಯ ಮುದ್ದೆ ಉಂಡು ಮಲಗಿದವನು ಮರುದಿನ ಮಧ್ಯಾಹ್ನ ಎದ್ದೆ. ಎದ್ದೆನಲ್ಲ, ಅದೇ ದೊಡ್ಡದು.

ಕೆಲವು ತಿಂಗಳ ಮೇಲೆ ಕಾಂಪೌಂಡರ್ ಕೂಡ ಬಿಡುಗಡೆಯಾದರು. ನನಗೆ ಗೊತ್ತಾಗುವಷ್ಟರಲ್ಲಿ... ಯಶವಂತಪುರದ ಲಾಡ್ಜೊಂದರಲ್ಲಿ, ಎರಡನೇ ದಿನವೇ, ಅದೇ ಹಳೇ ಡೋಸ್. ಹೊರಡುವಾಗ ಅವರನ್ನು ಎದುರು ಕೂರಿಸಿ ಹೇಳಿಸಿದವರು ಯಾರೂ ಇರಲಿಲ್ಲವಂತೆ. ಈ ಸುದ್ದಿಯನ್ನು ಮಾತ್ರ ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಸರ್ಟಿಫಿಕೇಟ್ ತಂದಾಗ ದೊಡ್ಡಪ್ಪ ನಮ್ಮ ಬಾಡಿಗೆ ಮನೆಗಳ ಕೆಳಗೆ, ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಕೈಗೇ ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ಬಹಳ ಹೊತ್ತು ನೋಡಿದರು.

"ಮೀಸೆ?" ಎಂದೆ.

"ಬೋಳಿಸ್ಕೊಂತೀನಿ ಬಿಡ್ಲಾ" ಎಂದು ನಕ್ಕರು. "ಜೈಲಲ್ಲಿ ನಿನ್ನ ಇಂಗೆ ಓದ್ಸಿದ್ನಲ್ಲ ಆ ಪುಣ್ಯಾತ್ಮ, ಅವ್ನನ್ನ ಒಂದಿನ ಊಟಕ್ಕೆ ಕರ್ಕೊಂಬಾ. ಅವ್ನ ಎದುರ್ಗೇ ಬೋಳಿಸ್ಕೊಂತೀನಿ."