ಕೊಂಬಿಗೆ ಹಿಡಿದ ಉಪ್ಪುಕಾಗದ

ನನಗೆ ಹೊಟ್ಟೆಕಿಚ್ಚಿತ್ತು. ಸುತ್ತಿ ಬಳಸಿ ಹೇಳುವುದಕ್ಕಿಂತ ನೇರವಾಗಿ ಹೇಳಿಬಿಡುವುದೇ ವಾಸಿ. ನಮ್ಮ ದೊಡ್ಡಪ್ಪನ ಮಗನ ಮೇಲೆ, ಅವನ ಜೋಡಿ ಎತ್ತಿನ ಮೇಲೆ, ಆ ಎತ್ತುಗಳ ಕೊಂಬಿನ ಮೇಲೆ. ದೊಡ್ಡಪ್ಪ ಬೇಗ ತೀರಿಕೊಂಡಿದ್ದರಿಂದ ಅವನಿಗೆ ಉಳುಮೆ ಕಲಿಸಿ, ಹೆಣ್ಣು ತಂದು ಮದುವೆ ಮಾಡಿದ್ದು ನಮ್ಮಪ್ಪ. ಮನೆ ಪಾಲಾದ ಮೇಲೂ ಅವನ ಹಟ್ಟಿಗೂ ನಮ್ಮ ಹಟ್ಟಿಗೂ ನಡುವೆ ಇದ್ದದ್ದು ಒಂದು ಮೋಟು ಗೋಡೆ. ಅಪ್ಪ ಇಲ್ಲದ ಹುಡುಗ ಎಂದು ಊರೆಲ್ಲ ಅವನನ್ನು ಕನಿಕರಿಸುತ್ತಿತ್ತು. ಅಪ್ಪ ಇದ್ದೂ ಸಿಕ್ಕದ ನನ್ನನ್ನು ಕೇಳುವವರಿರಲಿಲ್ಲ.

ಒಂದು ಕಾಲಕ್ಕೆ ಕ್ಯಾತನಹಳ್ಳಿಯಲ್ಲಿ ಕೊಂಬು ಹೆರೆಯುವುದೆಂದರೆ ನಮ್ಮಪ್ಪನೇ; ವಯಸ್ಸಾದ ಮೇಲೆ ನಮ್ಮೆರಡು ಹಟ್ಟಿಯ ಎತ್ತುಗಳಷ್ಟೇ ಅಪ್ಪನ ಪಾಲಿಗೆ ಉಳಿದಿದ್ದವು. ಸಂಕ್ರಾಂತಿಯ ದಿನ ಎತ್ತುಗಳು ಕಿಚ್ಚು ಹಾಯುವ ಮುಂಚೆ ಕೊಂಬಿನ ಒರಟು ಪದರವನ್ನು ಕುಡುಗೋಲಿನಲ್ಲಿ ಹೆರೆದು, ಗಾಜಿನ ಚೂರಿನಲ್ಲಿ ನಯ ಮಾಡಿ, ಹರಳೆಣ್ಣೆ ತೀಡಬೇಕು. ಹಬ್ಬ ಹತ್ತಿರ ಬಂತೆಂದರೆ ಅಪ್ಪ ಮೊದಲು ಹೋಗುತ್ತಿದ್ದದ್ದು ಗೋಡೆಯಾಚೆಗೆ. ಅಲ್ಲಿ ಅವರಿಬ್ಬರೂ ಮಾತಾಡುವುದು, ಅಪ್ಪ ಕೆಮ್ಮುವಷ್ಟು ನಗುವುದು ನಮ್ಮ ಜಗಲಿಗೆ ಕೇಳುತ್ತಿತ್ತು. ನಮ್ಮ ಮನೆಯಲ್ಲಿ ಅಪ್ಪನ ಮಾತು ಊಟಕ್ಕೆ ಎಷ್ಟು ಬೇಕೋ ಅಷ್ಟೆ. ನಮ್ಮ ಎತ್ತುಗಳ ಸರದಿ ಬರುತ್ತಿದ್ದದ್ದು ಕೊನೆಗೆ, ನಾನು ಅಂಗಡಿಗೆ ಹೋದ ಹೊತ್ತಿನಲ್ಲಿ, ಮೂಗುದಾರ ಹಿಡಿಯಲು ಅವ್ವನನ್ನು ಕರೆದುಕೊಂಡು. ಹಬ್ಬದ ದಿನ ಅವನ ಎತ್ತಿನ ಕೊಂಬುಗಳು ಮುಖ ಕಾಣುವಷ್ಟು ಮಿಂಚುತ್ತಿದ್ದವು. ನಮ್ಮವಕ್ಕೆ ಎಣ್ಣೆ ಹಚ್ಚಿದ ಕೂಡಲೇ ಅಡ್ಡಾದಿಡ್ಡಿ ಗೀರುಗಳು ಎದ್ದು ಕಾಣುತ್ತಿದ್ದವು.

ಗೀರು ಗುರುತಿಸುವುದು ನನ್ನ ಕಸುಬು. ಪಾಂಡವಪುರದಲ್ಲಿ ನನ್ನದು ಬಾಗಿಲು ಕಿಟಕಿ ಮಾಡುವ ಅಂಗಡಿ. ತೊಂಬತ್ತರ ದಶಕದ ನಡುವೆ ಮೈಸೂರಿನಿಂದ ಮರ ಉಜ್ಜಿ ನಯ ಮಾಡುವ ಒಂದು ಸ್ಯಾಂಡಿಂಗ್ ಮಿಷನ್ನು ತಂದಿದ್ದೆ. ಅದರ ರಬ್ಬರ್ ತಟ್ಟೆಗೆ ಉಪ್ಪುಕಾಗದದ ದುಂಡನೆಯ ಡಿಸ್ಕು ಹಾಕಿ ಗುಂಡಿ ಒತ್ತಿದರೆ ಗಿರ್ರನೆ ತಿರುಗುತ್ತದೆ. ಮೊದಲು ಅರವತ್ತು ನಂಬರಿನ ಒರಟು ಡಿಸ್ಕು, ಆಮೇಲೆ ನೂರಿಪ್ಪತ್ತು, ಕೊನೆಗೆ ಇನ್ನೂರಿಪ್ಪತ್ತರ ನಯದ್ದು. ಬೇಗ ಮುಗಿಯಲಿ ಎಂದು ನಡುವಿನದನ್ನು ಬಿಟ್ಟರೆ ಒರಟು ಡಿಸ್ಕಿನ ಗೀರು ಹಾಗೇ ಉಳಿದು, ಪಾಲಿಶ್ ಬಿದ್ದಾಗ ಮಾನ ಕಳೆಯುತ್ತದೆ. ಒಂದು ಗೀರು ನೋಡಿದರೆ ಅದು ಯಾವ ನಂಬರಿನದು, ಕೆಲಸಗಾರನಿಗೆ ಎಷ್ಟು ಅವಸರವಿತ್ತು ಎಂದು ಹೇಳಬಲ್ಲೆ ಎಂಬ ಜಂಬ ನನಗೆ. ನಮ್ಮ ಎತ್ತಿನ ಕೊಂಬು ನೋಡಿದಾಗಲೆಲ್ಲ, ಅಪ್ಪನಿಗೆ ನಮ್ಮವು ಎಂದರೆ ಅಸಡ್ಡೆ ಎಂದು ಆ ಗೀರುಗಳೇ ಹೇಳುತ್ತಿದ್ದವು. ಮೈಯೆಲ್ಲ ಉರಿಯುತ್ತಿತ್ತು.

ಒಂದು ವರ್ಷ ಅಪ್ಪ ಗೋಡೆಯಾಚೆ ನಗುತ್ತಾ ಕೂತಿದ್ದಾಗ ಮಿಷನ್ನನ್ನು ಮನೆಗೆ ತಂದೆ.

"ನಿಮ್ಗೇನ್ ತಲೆಗಿಲೆ ಕೆಟ್ಟದಾ? ಅದೇನ್ ಬಾಗ್ಲಾ?" ಎಂದಳು ನನ್ನ ಹೆಂಡತಿ.

ಸತ್ತ ಎತ್ತಿನ ಹಳೆಯ ಕೊಂಬೊಂದು ಕೊಟ್ಟಿಗೆಯಲ್ಲಿತ್ತು. ಮೊದಲು ಅದರ ಮೇಲೆ ನೋಡಿದೆ. ಅರವತ್ತು ನಂಬರು ಗದ್ದೆ ಉತ್ತ ಹಾಗೆ ಸಾಲು ಬಿಡಿಸಿತು. ಇನ್ನೂರಿಪ್ಪತ್ತರ ಹೊಸ ಡಿಸ್ಕು ಒತ್ತಿ ಹಿಡಿದರೆ ಕೊಂಬು ಕಾದು ಕೂದಲು ಸುಟ್ಟ ವಾಸನೆ ಹೊಡೆಯಿತು. ಜೀವವಿರುವ ಕೊಂಬಿನೊಳಗೆ ರಕ್ತ ಓಡುತ್ತದೆ, ಹಾಗೆ ಕಾಯಿಸುವಂತಿಲ್ಲ. ನೂರಿಪ್ಪತ್ತನ್ನು ಮೇಲೆ ಮೇಲೆ ಆಡಿಸಿ, ಕೈಯಿಟ್ಟು ಬಿಸಿ ನೋಡಿ, ನಿಲ್ಲಿಸಿ, ಕೊನೆಗೆ ಬಾಗಿಲುಗಳ ಮೇಲೆ ಓಡಿ ಸವೆದಿದ್ದ ಇನ್ನೂರಿಪ್ಪತ್ತನ್ನು ಹಿಡಿದಾಗ ಹೊಳಪು ಬಂತು. ಮಿಷನ್ನಿನ ಸದ್ದು ರೂಢಿಯಾಗಲೆಂದು ಕೆಲವು ದಿನ ಎತ್ತುಗಳಿಗೆ ಹಿಂಡಿ ಇಟ್ಟು ಪಕ್ಕದಲ್ಲೇ ಓಡಿಸಿದೆ. ಆಮೇಲೆ ಹೆಂಡತಿಯ ಕೈಗೆ ಮೂಗುದಾರ ಕೊಟ್ಟು ಕೊಂಬಿಗೆ ಹಿಡಿದೆ.

ಸಂಜೆ ಬಂದ ಅಪ್ಪ ಕೊಂಬಿನ ಮೇಲೆ ಅಂಗೈ ಸವರಿ ನೋಡಿತು.

"ಅಂಗಾರೆ ಇನ್ಮೇಲೆ ಇವುಕ್ಕೆ ನಾನ್ ಬೇಕಾಗಿಲ್ಲ ಬುಡು" ಎಂದು ಒಳಗೆ ಹೋಯಿತು.

ಗೆದ್ದೆ ಎಂದುಕೊಂಡೆ. ಹಬ್ಬದ ದಿನ ಕಿಚ್ಚಿನ ಬೆಳಕಿನಲ್ಲಿ ನಮ್ಮ ಎತ್ತುಗಳು ಹಾರಿದಾಗ ಜನ ದೊಡ್ಡಪ್ಪನ ಮಗನ ಎತ್ತು ಬಿಟ್ಟು ನಮ್ಮವನ್ನು ನೋಡಿದರು. ಅವನ ಮುಖ ಸಪ್ಪಗಾಗುವುದನ್ನು ನೋಡಲು ಹುಡುಕಿದೆ. ಅವನೇ ಹಲ್ಲು ಬಿಟ್ಟುಕೊಂಡು ಬಂದ.

"ಲೇ, ಗಾಜಿದ್ದಂಗವೆ ಕಣ್ಲಾ! ಮುಂದಿನ್ ವರ್ಸ ನಮ್ಮವುಕ್ಕೂ ಒಸಿ ಆ ಮಿಸಿನ್ ಇಡ್ದುಬುಡು."

"ಯಾಕಣ್ಣ, ನಿಂಗೆ ಅಂತ್ಲೇ ನಮ್ಮಪ್ಪ ಇಲ್ವಾ?" ಎಂದೆ, ಚುಚ್ಚಲೆಂದೇ.

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಚಿಕ್ಕಪ್ಪಂಗೆ ಕೈ ನಡುಗ್ತದೆ ಕಣ್ಲಾ. ನಿಂಗೊತ್ತಿಲ್ವಾ? ಆಗ್ಲೇ ಎಷ್ಟೋ ವರ್ಸ ಆಯ್ತಲ್ಲ. ಅದು ಎದ್ದೋದ್ಮೇಲೆ ನಾನೇ ಕೂತು ಗೀರೆಲ್ಲ ತೆಗ್ದು ಎಣ್ಣೆ ಅಚ್ತೀನಿ. ಬೆಳಿಗ್ಗೆ ಬಂದು 'ನೋಡ್ದಾ, ನನ್ ಕೈ' ಅಂತದೆ. ನಾನು ಊಂ ಅಂತೀನಿ."

ಅವನ ಎತ್ತಿನ ಕೊಂಬಿನ ಮೇಲೂ ಅದೇ ಗೀರುಗಳಿದ್ದವು. ಅವನು ಅಳಿಸುತ್ತಿದ್ದ, ನಾನು ಲೆಕ್ಕವಿಟ್ಟುಕೊಳ್ಳುತ್ತಿದ್ದೆ.

"ನಿನ್ನೆತ್ತು ಸದ್ದಿಗೆ ಬೆದರ್ತವೆ, ಆಗಲ್ಲ" ಎಂದು ಸುಳ್ಳು ಹೇಳಿದೆ. ಅವನ ಹಟ್ಟಿಯ ಕೆಲಸವೂ ತಪ್ಪಿದರೆ ಅಪ್ಪ ಇನ್ನೆಲ್ಲಿಗೆ ಹೋಗುತ್ತದೆ?

ಮುಂದಿನ ವರ್ಷ ಹಬ್ಬಕ್ಕೆ ಮುಂಚೆ, "ಡಿಸ್ಕು ಸಿಕ್ಕಲಿಲ್ಲ ಕಣಪ್ಪ, ನೀನೇ ಮಾಡ್ಬೇಕು" ಎಂದೆ. ಅಂಗಡಿ ಮುಚ್ಚಿ ಮೂಗುದಾರವನ್ನು ನಾನೇ ಹಿಡಿದುಕೊಂಡೆ. ಕುಡುಗೋಲು ಕೊಂಬಿಗೆ ತಾಗುವಾಗ ಅಪ್ಪನ ಮಣಿಕಟ್ಟು ಅದುರುವುದು ಕಂಡಿತು. ನಾನು ಗೋಡೆಯ ಕಡೆ ಮುಖ ತಿರುಗಿಸಿ ನಿಂತೆ. ಅಪ್ಪ ಕೆಲಸ ಮುಗಿಸಿ ಹೊಳೆಯ ಕಡೆ ಹೋದ ಮೇಲೆ, ಮಿಷನ್ನು ಹಾಕಿದರೆ ಸದ್ದು ಕೇಳೀತೆಂದು ಸವೆದ ಡಿಸ್ಕೊಂದನ್ನು ಕೈಯಲ್ಲೇ ಹಿಡಿದು ಉಜ್ಜತೊಡಗಿದೆ. ಅಣ್ಣ ಗೋಡೆ ದಾಟಿ ಬಂದು ಪಕ್ಕದಲ್ಲಿ ಕೂತ.

"ಅಲ್ಲಲ್ಲ ಕಣ್ಲಾ, ಬುಡದಲ್ಲಿ ನೋಡು. ಮಂಡಿ ನೋವಿಗೆ ಬಗ್ಗಕ್ಕಾಗಲ್ಲ ಚಿಕ್ಕಪ್ಪಂಗೆ, ಅಲ್ಲೇ ಕೈ ಜಾರೋದು" ಎಂದು ಬೆರಳಿಟ್ಟು ತೋರಿಸಿದ.

ಅವನು ತೋರಿಸಿದಲ್ಲೆಲ್ಲ ಗೀರಿತ್ತು. ನಮ್ಮಪ್ಪನ ಕೈಯನ್ನು ಅವನಿಂದ ಕಲಿಯಬೇಕಾಯಿತಲ್ಲ ಎಂದು, ಕೊಂಬು ಮಿಂಚುವವರೆಗೂ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.