ಒಂದು ಮೊರ ತೌಡು

೧೯೯೦ರ ಆಸುಪಾಸು. ಕೆ.ಜಿ.ಎಫ್. ಗಣಿಕಾರ್ಮಿಕರ ಸಾಲುಮನೆಗಳಾದ ನಂದಿದುರ್ಗ ಲೈನಿನ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೆ. ಗೃಹಿಣಿಯಾದ ನನಗಿದ್ದ ಉದ್ಯೋಗ ಅದೊಂದೇ. ಕಾನ್ವೆಂಟಿನಲ್ಲಿ ಓದಿದವಳೆಂದು ಲೈನಿನವರೆಲ್ಲ 'ಮಿಸ್' ಅನ್ನುತ್ತಿದ್ದರು.

ಆಗ ಟಿ.ವಿ.ಯಲ್ಲಿ ಪುಟಾಣಿ ಪತ್ತೇದಾರರ ಕಾರ್ಟೂನ್ ಬರುತ್ತಿತ್ತು. ಅಪಹರಣವಾದವರನ್ನು ಮಕ್ಕಳೇ ಹುಡುಕಿ ತರುವ ಕಥೆ. "ನೀವೂ ಹೀಗೇ ಸುತ್ತಮುತ್ತ ಕಣ್ಣಿಟ್ಟು ನೋಡಬೇಕು" ಎಂದು ನಾನೇ ಹುರಿದುಂಬಿಸಿದ್ದೆ.

ನನ್ನ ಮೊದಲ ಎರಡು ಕೂಸುಗಳು ಉಳಿದಿರಲಿಲ್ಲ. ಮೂರನೆಯವನಿಗೂ ಪದೇ ಪದೇ ಜ್ವರ ಬರತೊಡಗಿದಾಗ ಬಂಗಾರಪೇಟೆಯಿಂದ ಬಂದ ಅಮ್ಮ, "ತೌಡಿಗೆ ಮಾರಿಬಿಡೇ" ಎಂದಳು. ಬೇರೆಯವರಿಗೆ ಮಾರಿದ ಮಗುವಿನ ಮೇಲೆ ಸಾವಿನ ಕಣ್ಣು ಬೀಳುವುದಿಲ್ಲವೆಂಬ ನಂಬಿಕೆ. ಒಂದು ಮೊರ ತೌಡು ಪಡೆದು ಕೂಸನ್ನು ಕೊಡಬೇಕು. ದೀಪ ಹಚ್ಚುವ ಹೊತ್ತಿಗೆ ತೌಡು ಹಿಂತಿರುಗಿಸಿ ಕೂಸನ್ನು ಮತ್ತೆ ಕೊಂಡುಕೊಳ್ಳಬೇಕು. ಲೈನಿನ ಹಿಂದೆ ಎಮ್ಮೆ ಕಟ್ಟಿದ್ದ ಹಾಲಿನ ಮುನಿಯಮ್ಮನಿಗೆ ಮಧ್ಯಾಹ್ನ ಮಾರಿದೆ. "ಯಾರಿಗೂ ಹೇಳ್ಬೇಡ" ಎಂದು ಕೈ ಹಿಡಿದು ಕೇಳಿಕೊಂಡೆ. ಮೂಢನಂಬಿಕೆಯ ವಿರುದ್ಧ ಮಕ್ಕಳಿಂದ ಪ್ರಬಂಧ ಬರೆಸಿದವಳು ನಾನು.

"ಪಾಪು ಮಲಗಿದೆ, ಗಲಾಟೆ ಮಾಡ್ಬೇಡಿ" ಎಂದು ಪಾಠ ಶುರು ಮಾಡಿದೆ. ಟ್ಯೂಷನ್ ಮಕ್ಕಳಲ್ಲಿ ಒಬ್ಬಳಾದ ಸೆಲ್ವಿ ನೀರು ಕುಡಿಯಲು ಒಳಹೋಗಿ ಖಾಲಿ ತೊಟ್ಟಿಲು ನೋಡಿದಳು. ದನವಿಲ್ಲದ ಮನೆಯಲ್ಲಿ ತೌಡನ್ನೂ ನೋಡಿದಳು. ಲೈನಿನಲ್ಲಿ ತೌಡಿರುತ್ತಿದ್ದುದು ಎಮ್ಮೆ ಕಟ್ಟಿದ್ದ ಮುನಿಯಮ್ಮನಲ್ಲಿ ಮಾತ್ರ. ನನ್ನನ್ನು ಕೇಳಲಿಲ್ಲ, ಕಾರ್ಟೂನಿನಲ್ಲಿ ದೊಡ್ಡವರನ್ನು ಯಾರು ಕೇಳುತ್ತಾರೆ? ಟ್ಯೂಷನ್ ಬಿಟ್ಟೊಡನೆ ಮಕ್ಕಳೆಲ್ಲ ಮುನಿಯಮ್ಮನ ಕೊಟ್ಟಿಗೆಗೆ ಓಡಿದರು.

ಸ್ವಲ್ಪ ಹೊತ್ತಿಗೆ ಗದ್ದಲ. ಮಗುವನ್ನು ಅವುಚಿಕೊಂಡಿದ್ದ ಮುನಿಯಮ್ಮನನ್ನು ಗಣಿಯ ಶಿಫ್ಟ್ ಮುಗಿಸಿ ಬರುವಾಗ ಮಕ್ಕಳ ಕೂಗು ಕೇಳಿದ ಗಂಡಸರು ರಟ್ಟೆ ಹಿಡಿದು ಎಳೆದು ತರುತ್ತಿದ್ದರು.

"ಮಿಸ್, ಕಿಡ್ನಾಪ್ ಕೇಸು! ನಾವೇ ಕಂಡುಹಿಡಿದ್ವಿ!" ಸೆಲ್ವಿ ಕುಣಿಯುತ್ತಿದ್ದಳು.

"ಮಗೀನ ಯಾಕೆ ಎತ್ಕೊಂಡೋದೆ? ಯೋಳೇ! ನಡಿ ಸ್ಟೇಷನ್‌ಗೆ!" ಒಬ್ಬ ಗದರಿದ.

"ಮೊದ್ಲು ರಟ್ಟೆ ಬಿಡ್ಲಾ, ಮಗ ಎದ್ರುತದೆ" ಎಂದಳೇ ಹೊರತು ಮುನಿಯಮ್ಮ ನನ್ನ ಹೆಸರೆತ್ತಲಿಲ್ಲ. ನನ್ನ ನಾಲಿಗೆ ಏಳುವಷ್ಟರಲ್ಲಿ ಅವಳ ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ ಜಿನುಗಿತ್ತು.

"ಅವಳು ಕದ್ದಿಲ್ಲ" ಎಂದೆ. "ನಾನೇ ಮಾರಿದ್ದು."

ಸೆಲ್ವಿಯ ಕುಣಿತ ನಿಂತಿತು. "ಎಷ್ಟಕ್ಕೆ ಮಿಸ್?"

"ಒಂದು ಮೊರ ತೌಡಿಗೆ." ನೆಲ ನೋಡುತ್ತ ಹೇಳಿದೆ.

ಯಾರೋ ಕಿಸಕ್ಕನೆ ನಕ್ಕರು. "ಇಂಗ್ಲೀಷ್ ಓದ್ದೋರೂ ಇಷ್ಟೇನಾ!"

ಮಗುವಿಗೆ ಕೈ ಚಾಚಿದೆ. ಮುನಿಯಮ್ಮ ಹಿಂದೆ ಸರಿದಳು. "ತೌಡು ಕೊಡಮ್ಮ ಮೊದ್ಲು. ಸುಮ್ನೆ ಕೊಟ್ರೆ ಮಗೀಗೆ ಒಳ್ಳೇದಾಗಲ್ಲ."

ಅಷ್ಟು ಜನರ ಮುಂದೆ ಮೊರ ತಂದು ಅವಳ ಸೆರಗಿಗೆ ತೌಡು ಸುರಿದೆ. ಆಮೇಲೆಯೇ ಕೊಟ್ಟಳು.

ಸುತ್ತಮುತ್ತ ಕಣ್ಣಿಟ್ಟು ನೋಡಿ ಎಂದು ಮಕ್ಕಳಿಗೆ ಹೇಳುವವಳು, ತನ್ನ ಮನೆಯೂ ಆ ಸುತ್ತಮುತ್ತಲಲ್ಲೇ ಇದೆಯೆಂದು ನೆನಪಿಡಬೇಕು. ಆ ಟ್ಯೂಷನ್ ಉದ್ಯೋಗ ನನಗೆ ಕಲಿಸಿದ್ದು ಅದು. ಮಗ ಉಳಿದ, ಬೆಳೆದ. ಅವನು ಎದುರಿಗೆ ಬಂದು ನಿಂತಾಗೆಲ್ಲ ನನಗೆ ಕಾಣುವುದು ಮುನಿಯಮ್ಮನ ಮಣಿಕಟ್ಟು.