ಅತ್ತೆಯ ದನಿ, ನಾಲ್ಕನೆಯ ಗುಂಡಿ

ಯಾರಾದರೂ ದೆವ್ವ, ಗಾಳಿ, ಶಕುನ ಅಂತ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ಎದ್ದೇ ಹೋಗುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಇದನ್ನು ಓದಿದವರು ನಾನೂ ತಮ್ಮ ಗುಂಪಿಗೆ ಬಂದೆ ಅಂದುಕೊಂಡಾರು. ಶಹಾಪುರದ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಅಳೆಯಲಾಗದ್ದನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಹೇಳಿದವಳು ನಾನು. ಆದರೆ ಆರು ವರ್ಷದ ಹಿಂದೆ ಗೋಗಿಯ ನಮ್ಮ ಮನೆಯಲ್ಲಿ ನಡೆದದ್ದು ನಡೆದೇ ಇಲ್ಲ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ನಮ್ಮ ಅತ್ತೆ ದೇವಿಂದ್ರಮ್ಮ ತತ್ವಪದ ಹಾಡುತ್ತಾರೆ. ಅವರೂ ಓಣಿಯ ಇನ್ನೂ ನಾಲ್ಕು ಹೆಂಗಸರೂ ಸೇರಿ ಒಂದು ಮೇಳ. ಹೊಲದ ಕೆಲಸ ಮುಗಿಸಿ ಸೋಮವಾರ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂರುತ್ತಾರೆ. ಅತ್ತೆ ಮೊದಲು ಒಬ್ಬರೇ ಒಂದು ಸಾಲು ಹೇಳುತ್ತಾರೆ, ಉಳಿದ ನಾಲ್ವರು ಅದನ್ನು ಎತ್ತಿಕೊಂಡು ಹಾಡುತ್ತಾರೆ. ಜೊತೆಗೆ ಕೈಯಿಂದ ತಟ್ಟುವ ಚರ್ಮದ ಒಂದು ದಮ್ಮಡಿ, ಒಂದು ಜೋಡಿ ತಾಳ. ಮೇಳಕ್ಕೆಂದು ಯಾರೋ ಕೊಟ್ಟ ಹಳೆಯ ಆಂಪ್ಲಿಫೈಯರ್ ಒಂದಿತ್ತು. ಅದಕ್ಕೆ ಇದ್ದದ್ದು ಎರಡೇ ಗುಂಡಿ, ಬೇಸ್ ಮತ್ತು ಟ್ರೆಬಲ್. ಒಂದನ್ನು ಏರಿಸಿದರೆ ದಮ್ಮಡಿಯ ಸದ್ದು ಎಲ್ಲರನ್ನೂ ನುಂಗುತ್ತಿತ್ತು. ಇನ್ನೊಂದನ್ನು ಏರಿಸಿದರೆ ಹಾಡು ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯುತ್ತಿತ್ತು.

"ಇದು ನನ್ನ ಧ್ವನಿ ಅಲ್ಲ, ತಗಡಿಂದು," ಅನ್ನುತ್ತಿದ್ದರು ಅತ್ತೆ.

ಮನುಷ್ಯರ ದನಿಯ ಹೆಚ್ಚಿನ ಪಾಲು ಇರುವುದು ಆ ಎರಡು ಗುಂಡಿಗಳ ನಡುವಿನ ಜಾಗದಲ್ಲಿ. ಆ ಜಾಗವನ್ನು ಮುಟ್ಟಬೇಕಾದರೆ ಸದ್ದನ್ನು ತಗ್ಗಿನಿಂದ ಏರಿನವರೆಗೆ ಏಳು ಪಾಲು ಮಾಡಿ, ಒಂದೊಂದು ಪಾಲಿಗೂ ಒಂದೊಂದು ಜಾರುವ ಗುಂಡಿ ಕೊಡಬೇಕು. ನಾನೇ ಅಂಥದ್ದೊಂದು ಮಾಡುತ್ತೇನೆ ಎಂದು ಕಾಲೇಜಿನಲ್ಲಿ ಅಂದೆ. ಲ್ಯಾಬಿನ ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು. "ಅದೆಲ್ಲ ಕಂಪನಿಯವರ ಕೆಲಸ ಅದರಿ ಮೇಡಂ. ನೀವು ಮನ್ಯಾಗ ಮಾಡಿದ್ರ ಬರೇ ಗುಂಯ್ ಅಂತದ."

ಅವರು ಹಾಗೆ ಅನ್ನದೆ ಇದ್ದಿದ್ದರೆ ನಾನು ಅರ್ಧಕ್ಕೇ ಬಿಡುತ್ತಿದ್ದೆನೇನೋ.

ಯಾದಗಿರಿ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಐಸಿ, ಕೆಪಾಸಿಟರ್, ಸ್ಲೈಡರುಗಳನ್ನು ಹುಡುಕಿ ತಂದೆ. ಸುರಪುರದ ತಗಡಿನ ಕೆಲಸದವನೊಬ್ಬ ಅಲ್ಯೂಮಿನಿಯಂ ಡಬ್ಬಿ ಮಾಡಿ, ಅದರ ಮೋರೆಯ ಮೇಲೆ ಏಳು ಸೀಳು ಬಾಚಣಿಗೆಯ ಹಲ್ಲಿನಷ್ಟು ನೆಟ್ಟಗೆ ಕೊರೆದುಕೊಟ್ಟ. ಅಡುಗೆಮನೆಯ ಕಿಟಕಿಯ ಹತ್ತಿರ ಬೆಳಕಿರುತ್ತಿದ್ದ ಕಾರಣ ಅಲ್ಲೇ ಕೂತು ಬೆಸುಗೆ ಹಾಕಿದೆ. ಮೊದಲ ಸಲ ಕರೆಂಟು ಕೊಟ್ಟಾಗ ಗುಂಯ್ ಅಂದದ್ದು ನಿಜ. ಅರ್ತಿಂಗ್ ತಂತಿ ಎರಡು ಕಡೆ ಕೂಡಿಕೊಂಡಿತ್ತು, ಅದನ್ನು ಕಂಡುಹಿಡಿಯಲು ಎರಡು ದಿನ ಬೇಕಾಯಿತು. ಅದನ್ನು ಸರಿಮಾಡಿದ ಮೇಲೆ ಸ್ಪೀಕರಿಗೆ ಕಿವಿ ಹಚ್ಚಿದರೂ ಏನೂ ಕೇಳಿಸಲಿಲ್ಲ. "ಈಗ ಅನ್ನು ಗುಂಯ್," ಎಂದು ನಾನೊಬ್ಬಳೇ ಜೋರಾಗಿ ಹೇಳಿದೆ.

ಆ ಸೋಮವಾರ ಅತ್ತೆ ಅದರಲ್ಲಿ ತಮ್ಮ ದನಿ ಕೇಳಿದರು. ಒಂದು ನುಡಿ ಮುಗಿಯುವವರೆಗೆ ತಲೆ ಬಗ್ಗಿಸಿ ಕೇಳಿ, "ಹಾಂ, ಇದು ನಂದು," ಅಂದರು. ನನ್ನ ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ನಾನು ಮಾಡಿದ ಅಡುಗೆಗೂ ಅವರು ಅಷ್ಟು ದೊಡ್ಡ ಮಾತು ಆಡಿರಲಿಲ್ಲ.

ಮೇಳದವರು ಇನ್ನು ಹದಿನೈದು ದಿನಕ್ಕೆ ಶಿರವಾಳದಲ್ಲಿ ಹಾಡಬೇಕಿತ್ತು. ಸುತ್ತಲ ಊರುಗಳ ಮೇಳಗಳೂ ಅಲ್ಲಿಗೆ ಬರುತ್ತಿದ್ದವು. ಯಾವ ಗುಂಡಿ ಎಲ್ಲಿಡಬೇಕೆಂದು ಮೊದಲೇ ಗುರುತು ಮಾಡಿಕೊಳ್ಳಲು, ಮರುವಾರ ಮಧ್ಯಾಹ್ನ, ಮೊಬೈಲಿನಲ್ಲಿ ಹಿಡಿದಿದ್ದ ಹಾಡನ್ನು ಡಬ್ಬಿಗೆ ಕೊಟ್ಟು ಕೂತೆ. ನನ್ನ ಗಂಡನ ಅಕ್ಕ ಸಾಬಮ್ಮ ಪಕ್ಕದಲ್ಲೇ ತೊಗರಿ ಹಸನು ಮಾಡುತ್ತಿದ್ದಳು. ಅವಳ ಮನೆ ಅದೇ ಓಣಿಯಲ್ಲಿ, ಎರಡು ಮನೆ ಆಚೆ.

ಒಂದೊಂದೇ ಗುಂಡಿ ಇಳಿಸಿ ಏರಿಸುತ್ತಾ ಬಂದೆ. ಮೊದಲನೆಯದು ಇಳಿದಾಗ ದಮ್ಮಡಿ ಸಣ್ಣಗಾಯಿತು. ಎರಡು, ಮೂರು, ಎಲ್ಲ ನಾನು ಎಣಿಸಿದ ಹಾಗೇ. ನಾಲ್ಕನೆಯದನ್ನು ಪೂರ್ತಿ ಇಳಿಸಿದೆ. ಅತ್ತೆ ಒಬ್ಬರೇ ಹೇಳುವ ಸಾಲು ಬರಬೇಕಿತ್ತು, ಬರಲಿಲ್ಲ. ದಮ್ಮಡಿ ಬಡಿಯುತ್ತಿತ್ತು, ತಾಳ ಕೇಳುತ್ತಿತ್ತು, ನಡುವೆ ಯಾರೂ ಹಾಡುತ್ತಿರಲಿಲ್ಲ. ಆ ಸಾಲಿನಷ್ಟು ಹೊತ್ತು ಕಳೆದ ಮೇಲೆ ನಾಲ್ವರು ಹೆಂಗಸರು, ಯಾರೂ ಹೇಳಿಕೊಡದ ಸಾಲನ್ನು ಎತ್ತಿಕೊಂಡು ಹಾಡಿದರು.

ಗುಂಡಿ ಏರಿಸಿದೆ, ಅತ್ತೆ ಬಂದರು. ಇಳಿಸಿದೆ, ಹೋದರು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಗುಂಡಿ ಇಳಿಸಿದರೆ ಸದ್ದಿನ ಒಂದು ಪಾಲು ತಗ್ಗುತ್ತದೆ, ಅಷ್ಟೆ. ಎಲ್ಲರ ದನಿಯೂ ಸ್ವಲ್ಪ ತೆಳುವಾಗಬೇಕು. ಒಬ್ಬರದು ಮಾತ್ರ ಬೇರುಸಹಿತ ಹೋಗಿ ಉಳಿದವರದು ನಿಲ್ಲುವಂತಿಲ್ಲ, ಯಾಕೆಂದರೆ ಒಬ್ಬರ ದನಿ ಏಳು ಪಾಲಿನಲ್ಲೂ ಅಷ್ಟಷ್ಟು ಹರಡಿಕೊಂಡಿರುತ್ತದೆ. ಮೇಳದ ಮಲ್ಲಮ್ಮ ಒಬ್ಬಳೇ ಹಾಡಿದ್ದನ್ನು ಹಾಕಿ ನೋಡಿದೆ. ತೆಳುವಾಯಿತು, ಹೋಗಲಿಲ್ಲ. ಅತ್ತೆ ಹಿಂದೊಮ್ಮೆ ಫೋನಿನಲ್ಲಿ ಮಾತಾಡಿದ್ದ ರೆಕಾರ್ಡಿಂಗ್ ಹಾಕಿದೆ. ಎದುರಿನವರ ಮಾತು ಕೇಳಿತು, ಅತ್ತೆಯದು ಇಲ್ಲ.

ಸಾಬಮ್ಮನ ಕೈಯಲ್ಲಿ ಮೊರ ಹಾಗೇ ನಿಂತಿತ್ತು. "ನಮ್ಮವ್ವನ ಧ್ವನಿ ಎಲ್ಲಿ ಹೋಯ್ತು?" ಅಂದಳು. ನಾನು ಉತ್ತರ ಕೊಡುವಷ್ಟರಲ್ಲಿ ಎದ್ದು ಹೋದಳು.

ಸಂಜೆಯ ಹೊತ್ತಿಗೆ ಓಣಿಯಲ್ಲಿ ಮಾತು ಹಬ್ಬಿತ್ತು. ಸೊಸೆ ಅತ್ತೆಯ ಬಾಯಿ ಕಟ್ಟುವ ಮಷೀನು ಮಾಡಿದ್ದಾಳೆ. ನಗಬೇಕೆನಿಸಿತು, ಆದರೆ ಮರುದಿನ ಮೇಳದ ಇಬ್ಬರು ಹೆಂಗಸರು ನಮ್ಮ ಮನೆಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದಾಗ ನಗು ಹೋಯಿತು. ಧ್ವನಿ ಮೊದಲು ಹೋಗುತ್ತದೆ, ಉಸಿರು ಆಮೇಲೆ ಹೋಗುತ್ತದೆ ಎಂದು ಯಾರೋ ಹಿರಿಯರು ಅಂದರಂತೆ. ಅದನ್ನು ಸಾಬಮ್ಮ ಬಾಗಿಲಲ್ಲಿ ನಿಂತು ನನಗೆ ಹೇಳಿದಳು. ಅಳುತ್ತಿದ್ದಳು. ಅವಳಿಗಿದ್ದದ್ದು ನನ್ನ ಮೇಲಿನ ದ್ವೇಷಕ್ಕಿಂತ ಹೆಚ್ಚಾಗಿ ತಾಯಿಗೆ ಏನಾದೀತೋ ಎಂಬ ಅಂಜಿಕೆ ಎಂದು ಆಗ ಗೊತ್ತಾಗಲಿಲ್ಲ.

ನನ್ನ ಗಂಡ ಹತ್ತಿ ಮಿಲ್ಲಿನಿಂದ ಬಂದವರು ಕೈಕಾಲು ತೊಳೆಯುವ ಮೊದಲೇ ಅಂದರು, "ಅದನ್ನ ಬಿಚ್ಚಿ ಒಗದುಬಿಡು. ಮಂದಿ ಬಾಯಿ ಮುಚ್ಚಲಿ."

"ಬಿಚ್ಚೂದಿಲ್ಲ," ಅಂದೆ.

"ಅವ್ವಗ ಏನರ ಆದ್ರ?"

"ಆದ್ರ ಡಬ್ಬಿಯಿಂದ ಆಯ್ತು ಅಂತ ನೀವೂ ಅಂತೀರೇನು?"

ಅವರು ಕೈಕಾಲು ತೊಳೆಯಲು ಹೋದರು. ನಿಜ ಹೇಳುತ್ತೇನೆ, ಒಳಗೆ ನಾನೂ ಹೆದರಿದ್ದೆ. ಆದರೆ ಬಿಚ್ಚಿದ್ದರೆ ನಾನು ತಪ್ಪು ಮಾಡಿದೆ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಮೂರು ವಾರ ಬೆರಳು ಸುಟ್ಟುಕೊಂಡು ಮಾಡಿದ್ದು ಅತ್ತೆಯ ದನಿ ತೆಗೆಯಲಿಕ್ಕಲ್ಲ, ತೋರಿಸಲಿಕ್ಕೆ.

ಅತ್ತೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುತ್ತಿದ್ದಾಗ ಬಂದು ಹಿಂದೆ ನಿಂತರು. "ಖರೇ ಹೇಳು. ನನ್ನ ಧ್ವನಿ ನಿನಗ ಬ್ಯಾಡಾಗಿತ್ತೇನು?"

"ಇಲ್ಲರಿ ಅತ್ತಿ."

"ಮತ್ತ್ಯಾಕ ಹಂಗ ಆಗ್ತದ?"

"ಗೊತ್ತಿಲ್ಲರಿ."

"ಹಂಗಾರ ಮೈಕ್ ಹಚ್ಚು. ನಾನೇ ನೋಡ್ತೀನಿ. ಮಂದೀನೂ ಕರಿ, ಸಾಬಮ್ಮನ್ನೂ ಕರಿ."

ಬೆಳಗಿನ ಹತ್ತು ಗಂಟೆ. ಸ್ಪೀಕರನ್ನು ಹೊರಗೆ ಕಟ್ಟೆಯ ಮೇಲಿಟ್ಟೆ. ಮೈಕು, ಆಂಪ್ಲಿಫೈಯರ್, ನನ್ನ ಡಬ್ಬಿ ಒಳಗಿನ ಖೋಲಿಯಲ್ಲಿ. ಅತ್ತೆ ಒಳಗೆ ಚಾಪೆಯ ಮೇಲೆ ಕೂತರು. ಅವರ ನೇರ ದನಿ ಹೊರಗೆ ಹೋಗದಂತೆ ನಾನು ಬಾಗಿಲು ಕಿಟಕಿ ಮುಚ್ಚಿದೆ. ಕಟ್ಟೆಯ ಸುತ್ತ ಇಪ್ಪತ್ತು ಮೂವತ್ತು ಜನ. ಸಾಬಮ್ಮ ಸ್ಪೀಕರಿನ ಪಕ್ಕದಲ್ಲೇ ಇದ್ದಳು. ಮೊದಲು ಮಲ್ಲಮ್ಮನನ್ನು ಹಾಡಿಸಿದೆ. ನಾಲ್ಕನೆಯ ಗುಂಡಿ ಇಳಿಸಿದರೂ ಅವಳ ಹಾಡು ಹೊರಗೆ ಕೇಳಿತು, ಜನ ತಲೆಯಾಡಿಸಿದ್ದನ್ನು ಕಿಟಕಿಯ ಸಂದಿಯಿಂದ ನೋಡಿದೆ.

ಆಮೇಲೆ ಅತ್ತೆ ಮೈಕು ತೆಗೆದುಕೊಂಡು ಮೆಲ್ಲನೆಯ ದನಿಯಲ್ಲಿ ಒಂದು ಪದ ಸುರು ಮಾಡಿದರು. ಇನ್ನೊಂದು ಕೈಯಿಂದ ತೊಡೆಯ ಮೇಲಿನ ದಮ್ಮಡಿ ತಟ್ಟುತ್ತಿದ್ದರು. ನಾಲ್ಕನೆಯ ಗುಂಡಿ ಇಳಿಸಿಯೇ ಇತ್ತು. ಖೋಲಿಯಲ್ಲಿ ನನ್ನ ಎದುರೇ ಕೂತು ಹಾಡುತ್ತಿದ್ದಾರೆ, ಅವರ ಗಂಟಲಿನ ನರ ಕುಣಿಯುವುದು ನನಗೆ ಕಾಣುತ್ತಿದೆ. ಎರಡು ಸಾಲು ಮುಗಿದಿರಬೇಕು. ಆಗ ಹೊರಗಿನಿಂದ ಸಾಬಮ್ಮ ಕೂಗಿ ಕೇಳಿದಳು:

"ಯವ್ವಾ, ಬರೇ ದಮ್ಮಡಿ ಬಾರಿಸಾಕತ್ತೀಯಲ್ಲ, ಯಾವಾಗ ಹಾಡ್ತೀ?"

ಗುಂಡಿಯ ಮೇಲೆ ಬೆರಳಿತ್ತು, ಏರಿಸಬೇಕೆಂದು ಹೊಳೆಯಲೇ ಇಲ್ಲ. ಅತ್ತೆ ಹಾಡು ನಿಲ್ಲಿಸಲಿಲ್ಲ. ನನ್ನ ಕಡೆ ಒಮ್ಮೆ ನೋಡಿದರು, ಮೈಕನ್ನು ಚಾಪೆಯ ಮೇಲೆ ಇಟ್ಟರು, ಎದ್ದರು. ಮೊಣಕಾಲು ಹಿಡಿದುಕೊಂಡಿತ್ತು, ಗೋಡೆ ಹಿಡಿದು ಎದ್ದರು. ಹಾಡುತ್ತಲೇ ಹೋಗಿ ಅಗುಳಿ ತೆಗೆದು ಬಾಗಿಲನ್ನು ಎರಡೂ ಕೈಯಿಂದ ದೂಡಿ ಹೊರಗೆ ನಿಂತರು. ಈಗ ದನಿ ಮೆಲ್ಲಗಿರಲಿಲ್ಲ. ನಾನು ಆ ಮನೆಗೆ ಬಂದ ಮೇಲೆ ಅವರು ಅಷ್ಟು ಗಟ್ಟಿಯಾಗಿ ಹಾಡಿದ್ದು ಕೇಳಿರಲಿಲ್ಲ. ಓಣಿಯ ಕೊನೆಯಲ್ಲಿ ಬಸ್ಸಿಗೆ ಹೊರಟವರು ನಿಂತು ತಿರುಗಿ ನೋಡಿದರು. ಪದ ಪೂರ್ತಿ ಮುಗಿಸಿದರು, ಒಂದು ನುಡಿಯನ್ನೂ ಬಿಡದೆ.

ಆಮೇಲೆ ಸಾಬಮ್ಮನಿಗೆ ಅಂದರು, "ಕೇಳಿಸ್ತೇನಬೇ?"

ಸಾಬಮ್ಮ ತಲೆಯಾಡಿಸಿದಳು.

"ಡಬ್ಬಿ ನನ್ನ ಬಿಟ್ಟು ಎಲ್ಲಾರ್ದೂ ಹೇಳ್ತದಂತ. ಬಿಡಲಿ. ನಾ ಅದನ್ನ ಕೇಳಿ ಹಾಡಾಕ ಕಲ್ತಿಲ್ಲ." ಜನರ ಕಡೆ ತಿರುಗಿ, "ನನ್ನ ಸೊಸಿ ತನ್ನ ಕೈಲೆ ಮಾಡ್ಯಾಳ ಅದನ್ನ. ಯಾರರ ಮುಟ್ಟಿದ್ರ ನನ್ನ ಹಂತ್ಯಾಕ ಬರ್ರಿ, ಮಾತಾಡೂಣು," ಅಂದರು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಚದುರಿದರು. ಸಾಬಮ್ಮ ಒಳಗೆ ಬಂದು ಅವ್ವನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತಳು.

ಶಿರವಾಳದಲ್ಲಿ ಐದೂ ಜನ ಹಾಡಿದರು, ನನ್ನ ಡಬ್ಬಿಯ ಮೂಲಕವೇ ಹಾಡಿದರು. ನಾಲ್ಕನೆಯ ಗುಂಡಿಯನ್ನು ಮೇಲಿಟ್ಟು ಅಲ್ಲಾಡದಂತೆ ಟೇಪು ಸುತ್ತಿದ್ದೆ. ಅತ್ತೆಯ ದನಿ ತುಂಬಿಕೊಂಡು ಬಂತು.

ಆಮೇಲೆ ನಾನು ಸುಮ್ಮನೆ ಕೂಡಲಿಲ್ಲ. ಡಬ್ಬಿಯನ್ನು ಲ್ಯಾಬಿಗೆ ಒಯ್ದು ಅಳೆದೆ. ನಾಲ್ಕನೆಯ ಗುಂಡಿ ಎಷ್ಟು ತಗ್ಗಿಸಬೇಕೋ ಅಷ್ಟೇ ತಗ್ಗಿಸುತ್ತಿತ್ತು, ಎಳ್ಳಷ್ಟೂ ಹೆಚ್ಚಿಲ್ಲ. ಗುಂಡಿ ಇಳಿಸಿ ಅತ್ತೆಯ ಹಾಡು ಕೊಟ್ಟು, ಸದ್ದನ್ನು ಅಲೆಯಾಗಿ ತೋರಿಸುವ ಆಸಿಲೋಸ್ಕೋಪಿನಲ್ಲಿ ನೋಡಿದರೆ ಪರದೆಯ ಮೇಲೆ ಅವರ ದನಿಯ ಅಲೆ ಕಾಣುತ್ತಿತ್ತು. ಅಂದರೆ ದನಿ ಹೊರಗೆ ಬರುತ್ತಿತ್ತು. ಹೆಡ್‌ಫೋನು ಹಾಕಿದರೆ ಬರೀ ದಮ್ಮಡಿ. ಗುಂಯ್ ಅಂತದ ಎಂದಿದ್ದ ಸಹೋದ್ಯೋಗಿಗೆ ಅದೇ ಹೆಡ್‌ಫೋನು ಕೊಟ್ಟೆ. ಬಹಳ ಹೊತ್ತು ಕೇಳಿದರು, ಪರದೆ ನೋಡಿದರು, ಮತ್ತೆ ಕೇಳಿದರು. ಹೆಡ್‌ಫೋನು ಸರಿಯಿಲ್ಲ ಅಂದು ಚಹಾ ಕುಡಿಯಲು ಹೋದರು. ಬೇರೆ ಹೆಡ್‌ಫೋನು ತಂದಿಟ್ಟು ಕಾದೆ, ಆ ದಿನ ಅವರು ಲ್ಯಾಬಿನ ಕಡೆ ಬರಲಿಲ್ಲ. ಅದೇ ಅಂಗಡಿಯ ಅದೇ ಸಾಮಾನಿನಿಂದ ಇನ್ನೊಂದು ಡಬ್ಬಿ ಮಾಡಿದೆ. ಅದರಲ್ಲಿ ಅತ್ತೆಯ ದನಿ ಎಲ್ಲರದರಂತೆ ತೆಳುವಾಗುತ್ತದೆ, ಹೋಗುವುದಿಲ್ಲ. ಮೊದಲಿನದರಲ್ಲಿ ಈಗಲೂ ಹೋಗುತ್ತದೆ.

ಇದು ಗಾಳಿಯ ಕೆಲಸ ಎಂದವರನ್ನು ನಾನು ನಂಬುವುದಿಲ್ಲ. ನಿನ್ನ ಭ್ರಮೆ ಎಂದವರನ್ನೂ ನಂಬುವುದಿಲ್ಲ, ಕಟ್ಟೆಯ ಸುತ್ತ ನಿಂತ ಅಷ್ಟೂ ಜನಕ್ಕೆ ಒಂದೇ ಭ್ರಮೆ ಹಂಚಲು ನನ್ನಿಂದಾಗದು. ಬೇರೆ ಕಾರಣ ಇದ್ದರೆ ತೋರಿಸಿ, ಡಬ್ಬಿ ನಮ್ಮ ಮನೆಯಲ್ಲೇ ಇದೆ.

ಅತ್ತೆಗೆ ಈಗ ಎಪ್ಪತ್ತು ದಾಟಿದೆ. ಸೋಮವಾರ ತಪ್ಪಿಸುವುದಿಲ್ಲ. ಮೊನ್ನೆ ಮಧ್ಯಾಹ್ನ ಇಬ್ಬರೂ ಕೂತು ಶೇಂಗಾ ಸುಲಿಯುತ್ತಿದ್ದೆವು. ಏನೋ ಯೋಚಿಸುತ್ತಿದ್ದವರು ತಟ್ಟನೆ ಕೇಳಿದರು:

"ಅಲ್ಲಬೇ, ಆ ಗುಂಡಿ ಇಳಿಸಿದಾಗ ನಾ ಎಲ್ಲಿಗಿ ಹೋಗ್ತೀನಿ?"

ಓದಿದ್ದನ್ನೆಲ್ಲ ಒಮ್ಮೆ ಮನಸ್ಸಿನಲ್ಲಿ ತಡಕಾಡಿದೆ. "ಗೊತ್ತಿಲ್ಲರಿ ಅತ್ತಿ," ಅಂದೆ.

"ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತೀ. ಅದಕ್ಕ ನೀ ನನಗ ಸೇರ್ತೀ," ಅಂದರು, ಬೊಗಸೆ ತುಂಬ ಕಾಯಿ ತೆಗೆದು ನನ್ನ ಮುಂದೆ ಹಾಕಿದರು.